ತೂಕದ ಯಂತ್ರವನ್ನು ಕಟ್ಟೆಯಿಂದ ಒಳಗೆ ಸರಿಸಿದ ವರ್ಷ

ಗಂಗಾವತಿ ತಾಲೂಕಿನ ಕಾಲುವೆ ಭಾಗದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಹನ್ನೆರಡು ವರ್ಷಗಳಿಂದ ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದೇನೆ. ಪ್ರತಿ ವರ್ಷ ಶಾಲೆ ಆರಂಭವಾದ ಕೆಲವೇ ವಾರಗಳಲ್ಲಿ ಮಕ್ಕಳ ಎತ್ತರ ಮತ್ತು ತೂಕವನ್ನು ಅಳೆದು ವಹಿಯಲ್ಲಿ ಬರೆದಿಡುವುದು ನನ್ನ ಪಾಲಿನ ಕೆಲಸ. ಮೊದಲ ಎಂಟು ವರ್ಷ ಅದನ್ನು ನಾನು ಒಂದೇ ರೀತಿ ಮಾಡಿದೆ: ಪ್ರಾರ್ಥನೆಯ ಕಟ್ಟೆಯ ಮೇಲೆ ತೂಕದ ಯಂತ್ರ, ಕೆಳಗೆ ತರಗತಿವಾರು ಸಾಲು, ನಾನು ಅಂಕಿಯನ್ನು ಗಟ್ಟಿಯಾಗಿ ಕೂಗುವುದು, ಮೇಜಿನ ಬಳಿ ಕುಳಿತ ಸಹೋದ್ಯೋಗಿ ತಪ್ಪಾಗದಿರಲೆಂದು ಅದನ್ನೇ ಇನ್ನೊಮ್ಮೆ ಕೂಗಿ ಬರೆದುಕೊಳ್ಳುವುದು. ಇಷ್ಟು ಮಕ್ಕಳನ್ನು ಎರಡು ಪೀರಿಯಡ್‌ಗಳಲ್ಲಿ ಮುಗಿಸಬೇಕಾದರೆ ಬೇರೆ ದಾರಿಯೇ ಇಲ್ಲವೆಂದು ನಂಬಿದ್ದೆ.

ಎಂಟನೆಯ ವರ್ಷ ತೂಕ ನೋಡುವ ದಿನ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಸಾಲಿನಲ್ಲಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಕೊನೆಯವಳಾಗಿ ಬಂದಳು. ನಾನು "62" ಎಂದು ಕೂಗಿದೆ, ಮೇಜಿನ ಕಡೆಯಿಂದ "62" ಎಂದು ಮರುದನಿ ಬಂತು, ಹುಡುಗರ ಸಾಲಿನಿಂದ ಯಾರೋ "ಅಕ್ಕಿ ಚೀಲ" ಎಂದರು. ಅಕ್ಕಿ ಗಿರಣಿಗಳ ನಡುವೆ ಬೆಳೆದ ಮಕ್ಕಳಿಗೆ ಆ ಮಾತು ಸಲೀಸಾಗಿ ಬಾಯಿಗೆ ಬಂದಿರಬೇಕು. ಸುಮ್ಮನಿರಿ ಎಂದು ಗದರಿಸಿ ನಾನು ವಹಿಯನ್ನು ಮುಚ್ಚಿದೆ. ಅಲ್ಲಿಗೆ ಆ ವಿಷಯ ಮುಗಿಯಿತೆಂದೇ ಭಾವಿಸಿದ್ದೆ.

ಮುಂದಿನ ಮೂರು ವಾರ ಅವಳು ಆಟದ ಪೀರಿಯಡ್‌ಗೆ ಬರಲಿಲ್ಲ. ಒಂದು ದಿನ ಹೊಟ್ಟೆನೋವು, ಇನ್ನೊಂದು ದಿನ ಕಾಲುನೋವು, ಮತ್ತೊಂದು ದಿನ ಗಣಿತದ ಲೆಕ್ಕ ಉಳಿದಿದೆ ಎಂಬ ಕಾರಣ. ದಪ್ಪಗಿರುವ ಮಕ್ಕಳಿಗೆ ಓಡುವುದೆಂದರೆ ಸೋಮಾರಿತನ ಎಂಬ ಪೂರ್ವಗ್ರಹ ನನ್ನಲ್ಲಿತ್ತು ಎಂಬುದನ್ನು ಇಲ್ಲಿ ಬರೆಯಲೇಬೇಕು. ಆ ಪೂರ್ವಗ್ರಹದಿಂದಲೇ ಅವಳನ್ನು ಕರೆದು, ಅವಳಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂಬ ಭಾವನೆಯಲ್ಲಿ, ಓಡುವುದು ಬೇಡವಾದರೆ ಗುಂಡು ಎಸೆತಕ್ಕೆ ಬಾ, 3 ಕಿಲೋ ಗುಂಡು ನಿನ್ನ ಕೈಗೆ ಏನೂ ಭಾರವಲ್ಲ, ವಲಯ ಮಟ್ಟಕ್ಕೆ ಹೋಗಬಹುದು ಎಂದೆ. ಅವಳು ತಲೆ ಎತ್ತದೆ ಕೇಳಿದಳು: "ದಪ್ಪ ಅದೀನಂತ ಗುಂಡು ಕೊಡ್ತೀರೇನ್ರಿ ಟೀಚರ್? ನನಗ ಖೋ-ಖೋ ಸೇರತೈತ್ರಿ."

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಏಳನೆಯ ತರಗತಿಯವರೆಗೂ ಅವಳು ತನ್ನ ಓಣಿಯಲ್ಲಿ ದಿನವೂ ಖೋ-ಖೋ ಆಡಿದವಳು. ಅದನ್ನು ನಾನು ಒಮ್ಮೆಯೂ ಕೇಳಿ ತಿಳಿದುಕೊಂಡಿರಲಿಲ್ಲ. ಮಾತು ಮುಂದುವರಿದಾಗ ಇನ್ನೂ ಒಂದು ವಿಷಯ ಹೊರಬಂತು. ತೂಕ ನೋಡುವ ದಿನ ಗೊತ್ತಾದ ಮೇಲೆ ಅವಳು ಹಿಂದಿನ ರಾತ್ರಿ ಊಟ ಬಿಟ್ಟಿದ್ದಳು, ಬೆಳಿಗ್ಗೆ ನೀರನ್ನೂ ಕುಡಿಯದೆ ಬಂದಿದ್ದಳು.

ಅದೇ ತಿಂಗಳು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಿತ್ತು. 2013ರಲ್ಲಿ ಆರಂಭವಾದ ಈ ಕಾರ್ಯಕ್ರಮದಡಿ ಸರ್ಕಾರಿ ಶಾಲೆಗಳ ಮಕ್ಕಳನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡುತ್ತಾರೆ. ನನ್ನ ವಹಿಯನ್ನು ನೋಡಿದ ವೈದ್ಯೆ, ಈ ಅಂಕಿಗಳನ್ನು ಇಟ್ಟುಕೊಂಡು ನೀವು ಏನು ಮಾಡುತ್ತೀರಿ ಎಂದು ಸಹಜವಾಗಿ ಕೇಳಿದರು. ವರದಿ ಕಳಿಸುತ್ತೇವೆ ಎಂದೆ. ಅವರು ಕುಳಿತು, ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ 5ರಿಂದ 19 ವರ್ಷದವರಿಗಾಗಿ ಹೊರತಂದ ಬೆಳವಣಿಗೆಯ ನಕ್ಷೆಯನ್ನು ತೆರೆದು ವಿವರಿಸಿದರು. ದೊಡ್ಡವರಲ್ಲಿ ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿ ಬಂದ ಅಂಕಿಗೆ ಎಲ್ಲರಿಗೂ ಒಂದೇ ಗಡಿ ಇಟ್ಟು ನೋಡಬಹುದು. ಬೆಳೆಯುವ ಮಕ್ಕಳಲ್ಲಿ ಹಾಗೆ ನೋಡಲಾಗದು, ವಯಸ್ಸು ಮತ್ತು ಲಿಂಗಕ್ಕೆ ತಕ್ಕಂತೆ ಗಡಿಯೇ ಬದಲಾಗುತ್ತ ಹೋಗುತ್ತದೆ. ನಮ್ಮ ಹುಡುಗಿಯ ಎತ್ತರ 152 ಸೆಂಟಿಮೀಟರ್, ತೂಕ 62 ಕಿಲೋ. ಲೆಕ್ಕ ಹಾಕಿದರೆ ಸುಮಾರು 26.8. ಅವಳ ವಯಸ್ಸಿಗೆ ಇದು ಅತಿತೂಕದ ಪಟ್ಟಿಯೊಳಗೆ ಬೀಳುತ್ತದೆ, ಬೊಜ್ಜಿನ ಗಡಿಯನ್ನು ಮುಟ್ಟುವುದಿಲ್ಲ. ಹುಡುಗಿಯರು ಎತ್ತರದಲ್ಲಿ ಅತಿ ವೇಗವಾಗಿ ಬೆಳೆಯುವುದು ಸರಾಸರಿ 12ನೆಯ ವಯಸ್ಸಿನ ಆಸುಪಾಸಿನಲ್ಲಿ, ಹುಡುಗರು 14ರ ಆಸುಪಾಸಿನಲ್ಲಿ. ಮೈನೆರೆಯುವ ಕಾಲದಲ್ಲಿ ಹೆಣ್ಣುಮಕ್ಕಳ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚುವುದು ದೇಹದ ಸಹಜ ಕ್ರಮವೇ ಹೊರತು ಯಾರ ತಪ್ಪೂ ಅಲ್ಲ. ಒಂದೇ ಬೆಂಚಿನಲ್ಲಿ ಕುಳಿತ ಒಂದೇ ವಯಸ್ಸಿನ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಬೆಳವಣಿಗೆಯಲ್ಲಿ ಎರಡು ವರ್ಷ ಮುಂದಿರಬಹುದು. ಅಂಥವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಅಂಕಿ ಕೂಗಿದರೆ ಮಕ್ಕಳು ಅದನ್ನು ಪರೀಕ್ಷೆಯ ಫಲಿತಾಂಶದಂತೆ ಕೇಳಿಸಿಕೊಳ್ಳುತ್ತಾರೆ.

ಆ ಮೇಲೆ ನಾನು ಈ ವಿಷಯವನ್ನು ಓದತೊಡಗಿದೆ. ಅಮೆರಿಕದ ಮನೋವಿಜ್ಞಾನಿ ಸೂಸನ್ ಹಾರ್ಟರ್ ಹದಿಹರೆಯದವರ ಆತ್ಮಗೌರವವನ್ನು ಓದು, ಆಟ, ರೂಪ, ಗೆಳೆತನ ಎಂದು ಬೇರೆ ಬೇರೆ ನೆಲೆಗಳಲ್ಲಿ ಅಳೆದವರು. ಮಗು ತನ್ನ ಒಟ್ಟು ಬೆಲೆಯನ್ನು ತಾನೇ ಕಟ್ಟಿಕೊಳ್ಳುವಾಗ ಈ ಎಲ್ಲಕ್ಕಿಂತ ಹೆಚ್ಚು ಗಾಢವಾಗಿ ಬೆಸೆದುಕೊಂಡಿರುವುದು ತನ್ನ ರೂಪದ ಬಗ್ಗೆ ಅದಕ್ಕಿರುವ ಅಭಿಪ್ರಾಯ ಎಂದು ಅವರ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ನನ್ನ ಕೆಲಸದ ಮಟ್ಟಿಗೆ ಇದರ ಅರ್ಥ ತೀರಾ ಸ್ಪಷ್ಟವಾಗಿತ್ತು. ಕನ್ನಡಿ, ಮೊಬೈಲು, ಓಣಿಯ ಮಾತು, ಮದುವೆ ಮನೆಯಲ್ಲಿ ನೆಂಟರ ಕಣ್ಣು, ಇವೆಲ್ಲ ಮಕ್ಕಳಿಗೆ ದಿನವೂ ರೂಪವನ್ನೇ ನೆನಪಿಸುತ್ತವೆ. ತನ್ನ ಮೈ ಹೇಗೆ ಕಾಣುತ್ತದೆ ಎಂಬುದನ್ನು ಒಂದು ಗಳಿಗೆ ಮರೆತು, ಅದು ಏನು ಮಾಡಬಲ್ಲದು ಎಂದು ತಿಳಿಯಲು ಮಗುವಿಗೆ ಸಿಗುವ ಜಾಗವೆಂದರೆ ಮೈದಾನ. ಆ ಜಾಗದ ನಟ್ಟನಡುವೆ ನಾನು ತೂಕದ ಯಂತ್ರ ಇಟ್ಟು ಕೂಗುತ್ತಿದ್ದೆ.

ಮರುವರ್ಷ ಯಂತ್ರವನ್ನು ವಿಜ್ಞಾನ ಪ್ರಯೋಗಾಲಯದ ಕೋಣೆಯೊಳಗೆ ಇರಿಸಿದೆ. ಒಬ್ಬೊಬ್ಬರೇ ಒಳಗೆ ಬರುತ್ತಾರೆ, ಅಂಕಿಗೆ ಬೆನ್ನು ಮಾಡಿ ನಿಲ್ಲುತ್ತಾರೆ, ನಾನೇ ಬರೆದುಕೊಳ್ಳುತ್ತೇನೆ, ಕೇಳಿದವರಿಗೆ ಮಾತ್ರ ಮೆಲ್ಲಗೆ ಹೇಳುತ್ತೇನೆ. ಎರಡು ಪೀರಿಯಡ್‌ಗಳ ಕೆಲಸಕ್ಕೆ ಈಗ ನಾಲ್ಕು ದಿನ ಹಿಡಿಯುತ್ತದೆ. ಮುಖ್ಯ ಶಿಕ್ಷಕರು ಮೊದಲು ಒಪ್ಪಲಿಲ್ಲ. ಹುಡುಗಿ ಊಟ ಬಿಟ್ಟು ಬಂದದ್ದನ್ನು ಹೇಳಿದ ಮೇಲೆ ಮರುಮಾತಾಡಲಿಲ್ಲ.

ಯಂತ್ರ ಸರಿಸುವುದು ಸುಲಭದ ಕೆಲಸ. ನನ್ನದೇ ರೂಢಿಗಳನ್ನು ಸರಿಸುವುದು ಹೆಚ್ಚು ಕಷ್ಟವಾಯಿತು. ತಡವಾಗಿ ಬಂದವರಿಗೆ ಮೈದಾನ ಮೂರು ಸುತ್ತು ಓಡುವ ಶಿಕ್ಷೆ ಕೊಡುವುದು ನನ್ನ ಹಳೆಯ ಅಭ್ಯಾಸ. ನನಗೂ ನನ್ನ ಶಿಕ್ಷಕರು ಅದನ್ನೇ ಕೊಟ್ಟಿದ್ದರು. ಓಟವನ್ನು ಶಿಕ್ಷೆಯಾಗಿ ಕೊಟ್ಟಾಗ ಮೈ ಭಾರವಿರುವ ಮಗು ಎಲ್ಲರಿಗಿಂತ ಕೊನೆಗೆ, ಏದುಸಿರು ಬಿಡುತ್ತ, ಎಲ್ಲರೂ ನೋಡುತ್ತಿರುವಾಗ ಮುಗಿಸುತ್ತದೆ, ಮತ್ತು ಓಡುವುದೆಂದರೆ ಅವಮಾನ ಎಂಬ ಪಾಠವನ್ನು ಅದು ನನ್ನಿಂದಲೇ ಕಲಿಯುತ್ತದೆ. ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವಷ್ಟು ಚಟುವಟಿಕೆ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನ್ನ 40 ನಿಮಿಷದ ಪೀರಿಯಡ್ ಅಷ್ಟಕ್ಕೆ ಸಾಲುವುದೇ ಇಲ್ಲ. ಉಳಿದ ಸಮಯ ಮಗು ತಾನಾಗಿಯೇ ಆಡಬೇಕಾದರೆ ಆಟದ ಮೇಲೆ ಅದಕ್ಕೆ ಆಸೆ ಉಳಿದಿರಬೇಕು. ಶಿಕ್ಷೆಯ ಓಟವನ್ನು ಅಂದೇ ನಿಲ್ಲಿಸಿದೆ. ಇಬ್ಬರು ನಾಯಕರು ಎದುರುಬದುರು ನಿಂತು ಒಬ್ಬೊಬ್ಬರನ್ನೇ ಆರಿಸಿಕೊಳ್ಳುವ ಪದ್ಧತಿಯನ್ನೂ ಬಿಟ್ಟೆ. ಕೊನೆಗೆ ಉಳಿಯುವ ಮಗು ಯಾವುದೆಂದು ಇಡೀ ತರಗತಿಗೆ ಮೊದಲೇ ಗೊತ್ತಿರುತ್ತಿತ್ತು. ಈಗ ಹಾಜರಿ ಸಂಖ್ಯೆಯ ಮೇಲೆ ತಂಡ ಮಾಡುತ್ತೇನೆ. ಡುಮ್ಮಿ, ಕಡ್ಡಿ ಮುಂತಾದ ಹೆಸರುಗಳನ್ನು ನಾನೇ ಪ್ರೀತಿಯಿಂದ ಕರೆಯುತ್ತಿದ್ದೆ. ಪ್ರೀತಿ ನನ್ನಲ್ಲಿತ್ತು, ಮಗುವಿನ ಪಾಲಿಗೆ ಉಳಿಯುತ್ತಿದ್ದುದು ಆ ಹೆಸರು ಮಾತ್ರ.

ಆ ಹುಡುಗಿ ಖೋ-ಖೋಗೆ ಬಂದಳು. ಓಡಿ ತಪ್ಪಿಸಿಕೊಳ್ಳುವ ಸರದಿಯಲ್ಲಿ ಬೇಗ ಔಟಾಗುತ್ತಿದ್ದಳು, ಅದನ್ನು ಮುಚ್ಚಿಡುವುದಿಲ್ಲ. ಬೆನ್ನಟ್ಟುವ ಸರದಿಯಲ್ಲಿ ಮಾತ್ರ ಅವಳ ಬುದ್ಧಿ ಕೆಲಸ ಮಾಡುತ್ತಿತ್ತು. ಬೆನ್ನಟ್ಟುವವರು ಒಮ್ಮೆ ಒಂದು ಕಂಬದ ಕಡೆ ದಿಕ್ಕು ಹಿಡಿದರೆ ಕಂಬ ಮುಟ್ಟುವವರೆಗೆ ಹಿಂದಿರುಗುವಂತಿಲ್ಲ, ಕುಳಿತವರ ನಡುವಿನಿಂದ ಆಚೆ ದಾಟುವಂತಿಲ್ಲ. ಓಡುವವರಿಗೆ ಈ ಕಟ್ಟು ಇಲ್ಲ. ಆದ್ದರಿಂದ ಎದುರಾಳಿ ಎತ್ತ ತಿರುಗುತ್ತಾಳೆಂದು ಒಂದು ಹೆಜ್ಜೆ ಮೊದಲೇ ಗ್ರಹಿಸಿ, ಆ ಕಡೆ ಮುಖ ಮಾಡಿ ಕುಳಿತ ಗೆಳತಿಯ ಬೆನ್ನು ತಟ್ಟಿ ಖೋ ಕೊಡುವವಳೇ ತಂಡದ ಬಲ. ಇವಳು ಕುಳಿತ ಜಾಗದಿಂದ ಎದ್ದು ನಾಲ್ಕು ಹೆಜ್ಜೆ ಓಡಿ ಸರಿಯಾದ ಗಳಿಗೆಯಲ್ಲಿ ಖೋ ಕೊಡುತ್ತಿದ್ದಳು. ತಾಲೂಕು ಮಟ್ಟದ ತಂಡಕ್ಕೆ ಅವಳು ಆಯ್ಕೆಯಾಗಲಿಲ್ಲ, ವರ್ಷದ ಕೊನೆಗೆ ಅವಳ ತೂಕ ಹೇಳಿಕೊಳ್ಳುವಷ್ಟು ಇಳಿದಿರಲೂ ಇಲ್ಲ. ಆದರೆ ಹೊಟ್ಟೆನೋವಿನ ನೆಪ ನಿಂತಿತು. ಆಟ ಕಟ್ಟುವಾಗ ಉಳಿದ ಹುಡುಗಿಯರು "ಮೊದಲ ಯಾರ ಕೂಡಬೇಕ?" ಎಂದು ಅವಳನ್ನು ಕೇಳುವಂತಾದರು, ಅವಳು ಗಟ್ಟಿ ದನಿಯಲ್ಲಿ ಉತ್ತರಿಸುತ್ತಿದ್ದಳು.

ತೂಕದ ನೋವು ದಪ್ಪ ಇರುವವರದ್ದು ಮಾತ್ರ ಎಂದುಕೊಂಡಿದ್ದುದೂ ನನ್ನ ತಪ್ಪು. ಕುಷ್ಟಗಿ ಕಡೆಯ ಒಣಭೂಮಿಯ ಊರುಗಳಿಂದ ಬಂದು ಇಲ್ಲಿಯ ಹಾಸ್ಟೆಲ್‌ನಲ್ಲಿರುವ, ತಂದೆ-ತಾಯಿ ಬೆಂಗಳೂರಿಗೆ ದುಡಿಯಲು ಹೋಗಿರುವ ಮಕ್ಕಳು ನಮ್ಮಲ್ಲಿ ಹಲವರಿದ್ದಾರೆ. ಅವರಲ್ಲೊಬ್ಬ 14 ವರ್ಷದ ಹುಡುಗ, ಎತ್ತರ 158, ತೂಕ 36. ವೈದ್ಯೆಯ ನಕ್ಷೆಯಲ್ಲಿ ಅವನು ಕೃಶತೆಯ ಗಡಿಗಿಂತ ಕೆಳಗಿದ್ದ. ಬೇಸಿಗೆಯ ಬಿಸಿಲಿನಲ್ಲೂ ಸಮವಸ್ತ್ರದ ಒಳಗೆ ಎರಡು ಬನಿಯನ್ ತೊಟ್ಟು, ಮೈ ತುಂಬಿಕೊಂಡಂತೆ ಕಾಣಲು ಪ್ರಯತ್ನಿಸುತ್ತಿದ್ದ. ಅಂಗಡಿಯಲ್ಲಿ ಸಿಗುವ ಪುಡಿ ಕುಡಿದರೆ ಮೈ ಬರುತ್ತದೆಯೇ ಎಂದು ಗುಟ್ಟಾಗಿ ಕೇಳಿದ. ಮೊದಲು ವೈದ್ಯರಿಗೆ ತೋರಿಸಿದೆವು. ಶಾಲೆಯಲ್ಲಿ ಕೊಡುವ ಮೊಟ್ಟೆಯನ್ನು ಬಿಡದೆ ತಿನ್ನಲು, ವಾರದ ಕಬ್ಬಿಣಾಂಶದ ಮಾತ್ರೆಯನ್ನು ತಪ್ಪದೆ ನುಂಗಲು ಹೇಳಿದೆ. ಹುಡುಗರಲ್ಲಿ ಮೊದಲು ಎತ್ತರ ಏರಿ, ತೂಕವೂ ಸ್ನಾಯುವೂ ಆಮೇಲೆ ಕೂಡಿಕೊಳ್ಳುತ್ತವೆ ಎಂದು ಹೇಳಿದಾಗ ಅವನ ಮುಖದಲ್ಲಿ ಕಂಡ ನೆಮ್ಮದಿಯನ್ನು ನಾನು ಮರೆತಿಲ್ಲ. ಅಷ್ಟು ಸಣ್ಣ ಮಾತನ್ನು ಅವನಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

2024ರ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ 50 ಕಿಲೋ ಕುಸ್ತಿಯ ಅಂತಿಮ ಪಂದ್ಯದ ದಿನ ವಿನೇಶ್ ಫೋಗಟ್ ಅವರು 100 ಗ್ರಾಂ ಹೆಚ್ಚಿದ್ದ ಕಾರಣಕ್ಕೆ ಅನರ್ಹಗೊಂಡಾಗ ಮಕ್ಕಳು ಎರಡು ದಿನ ಅದನ್ನೇ ಮಾತಾಡಿದರು. ಆ ಮಾತಿನ ನಡುವೆ ಕಬಡ್ಡಿಯ ಹುಡುಗರಿಬ್ಬರು, ತೂಕದ ಮಿತಿಯಿರುವ ಆಯ್ಕೆಗಳಿಗೆ ಹೋಗುವ ಮುನ್ನ ತಾವೂ ನೀರು ಬಿಡುತ್ತೇವೆ, ಸ್ವೆಟರ್ ಹಾಕಿಕೊಂಡು ಓಡುತ್ತೇವೆ ಎಂದು ಸಹಜವಾಗಿ ಹೇಳಿದರು. ನಾನು ಅವರನ್ನು ಕೂರಿಸಿ ಲೆಕ್ಕ ಹಾಕಿ ತೋರಿಸಿದೆ: 50 ಕಿಲೋ ತೂಕದ ಮೈಯಿಂದ ಒಂದು ಲೀಟರ್ ನೀರು ಹೋದರೆ ಅದು ತೂಕದ ನೂರಕ್ಕೆ ಎರಡು ಪಾಲು, ಅಷ್ಟರಲ್ಲೇ ದಮ್ಮು ಕುಗ್ಗುತ್ತದೆ. 1997ರಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತರಾತುರಿಯಲ್ಲಿ ತೂಕ ಇಳಿಸಲು ಹೋಗಿ ಪ್ರಾಣ ಬಿಟ್ಟರು, ಅದರ ಬಳಿಕ ಅಲ್ಲಿ ನಿಯಮಗಳೇ ಬದಲಾದವು ಎಂಬುದನ್ನೂ ಹೇಳಿದೆ. ನಮ್ಮ ಸೀಮೆಯ ಬಿಸಿಲಿನಲ್ಲಿ ಈ ಅಪಾಯ ಇನ್ನೂ ಹೆಚ್ಚು. ಮಿತಿಗಿಂತ ತೂಕ ಹೆಚ್ಚಿರುವ ಹುಡುಗನನ್ನು ಅಂಥ ಆಯ್ಕೆಗೆ ಕಳಿಸದಿರುವ ನಿರ್ಧಾರ ಈಗ ನನ್ನದು, ಅವನದ್ದಲ್ಲ.

ಇನ್ನೂ ದಾರಿ ಕಾಣದ ಒಂದು ವಿಷಯವಿದೆ. ಖೋ-ಖೋ ಹುಡುಗಿಯ ತಾಯಿ ಶಾಲೆಗೆ ಬಂದು, "ಅಕ್ಕಾರ, ಬಿಸಿಲಾಗ ಆಡಿ ಕಪ್ಪಾಗ್ಯಾಳ್ರಿ, ತೆಳ್ಳಗರ ಆಗ್ತಾಳಂದ್ರ ಅದೂ ಆಗವಲ್ಲದು, ಮತ್ಯಾಕ ಆಡಸ್ತೀರಿ?" ಎಂದು ಕೇಳಿದರು. ಅವರು ಮಗಳ ಮೇಲಿನ ಅಕ್ಕರೆಯಿಂದಲೇ ಕೇಳಿದ್ದರು. ಆಟದಿಂದ ಮಗಳಿಗೆ ಬಂದ ಗಟ್ಟಿ ದನಿಯ ಬಗ್ಗೆ ನಾನು ಹೇಳಿದ್ದು ಅವರಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಕೊನೆಗೆ, ಬೆಳಗಿನ ಪ್ರಾರ್ಥನೆಗೆ ಮೊದಲು, ಬಿಸಿಲು ಏರುವುದರೊಳಗೆ ಅಭ್ಯಾಸ ಮುಗಿಸುತ್ತೇನೆ ಎಂದು ಮಾತು ಕೊಟ್ಟೆ. ಅಂದಿನಿಂದ ಖೋ-ಖೋ ತಂಡ ಬೆಳಿಗ್ಗೆ ಎಂಟು ಗಂಟೆಗೆ ಮೈದಾನದಲ್ಲಿರುತ್ತದೆ. ನಾನು ಗೇಟಿನ ಬೀಗ ತೆಗೆಯಲು ಬರುವ ಹೊತ್ತಿಗೆ ಅವಳು ಬಂದು ನಿಂತಿರುತ್ತಾಳೆ.