ಹ್ಯಾನೋವರ್‌ನ ಗಾಜು, ಕಲಬುರಗಿಯ ಜಾಲಿಮುಳ್ಳು

ಊರಲ್ಲಿ ರೋಡ್ ಸೈಕಲ್ ಹೊಡೆಯುವ ಹುಡುಗರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಒಂದೇ: ಜರ್ಮನಿಯಲ್ಲಿ ನೀವು ಯಾವ ಟೈರು ಹಾಕುತ್ತೀರಿ? ನಾನಿರುವುದು ಹ್ಯಾನೋವರ್‌ನಲ್ಲಿ. ಕಾಂಟಿನೆಂಟಲ್ ಕಂಪನಿ 1871ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. ಟೈರಿನ ಊರಲ್ಲಿ ಇರುವವನಿಗೆ ಟೈರು ಗೊತ್ತಿರಲೇಬೇಕು ಅಂತ ಅವರ ಲೆಕ್ಕ. ಉತ್ತರ ಹೇಳುತ್ತೇನೆ. ಆದರೆ ನಾನು ಹಾಕುವುದನ್ನೇ ನೀವೂ ಹಾಕಿ ಅಂತ ಮಾತ್ರ ಹೇಳುವುದಿಲ್ಲ. ತೂಕ ಆಮೇಲೆ ನೋಡಿ. ನಿಮ್ಮ ರಸ್ತೆಯ ಮೇಲೆ ಏನು ಬಿದ್ದಿದೆ, ಅದನ್ನು ಮೊದಲು ನೋಡಿ.

ಇಲ್ಲಿ ಬಿದ್ದಿರುವುದು ಗಾಜು. ಹೊಸ ವರ್ಷದ ರಾತ್ರಿ ಪಟಾಕಿ ಜೊತೆ ಬಾಟಲಿಗಳೂ ಒಡೆಯುತ್ತವೆ. ಚಳಿಗಾಲದಲ್ಲಿ ಜನ ಜಾರಿ ಬೀಳಬಾರದು ಅಂತ ದಾರಿಗೆ ಸಣ್ಣ ಚೂಪು ಕಲ್ಲು ಉದುರಿಸುತ್ತಾರೆ. ಗಾಜು, ಕಲ್ಲು ಎರಡೂ ಕೊಯ್ಯುವ ಜಾತಿ. ಅದನ್ನು ತಡೆಯಲು ಟೈರಿನ ರಬ್ಬರಿನ ಕೆಳಗೆ ಗಟ್ಟಿ ನೂಲಿನ ಪಟ್ಟಿ ಕೂರಿಸಿರುತ್ತಾರೆ. ಕಾಂಟಿನೆಂಟಲ್‌ನ ಗ್ರ್ಯಾಂಡ್ ಪ್ರಿ 5000 ನಾನು ಹಾಕುವ ಟೈರು, ಅದರಲ್ಲಿ ಈ ಪಟ್ಟಿ ವೆಕ್ಟ್ರಾನ್ ಅನ್ನುವ ನೂಲಿನದು. 28 ಮಿಲಿಮೀಟರ್ ಅಗಲದ್ದು ಸುಮಾರು 240 ಗ್ರಾಂ ತೂಗುತ್ತದೆ. ಹಗುರ, ಓಟವೂ ಚೆನ್ನ. ಇಲ್ಲಿನ ದಾರಿಗೆ ನನಗೆ ಅಷ್ಟು ಸಾಕು.

ನಮ್ಮ ಕಲಬುರಗಿ ಕಡೆ ಹಾಗಲ್ಲ. ಆಳಂದ ರಸ್ತೆಗೆ ಹೋಗಿ, ಜೇವರ್ಗಿ ರಸ್ತೆಗೆ ಹೋಗಿ, ಪಕ್ಕದಲ್ಲಿ ಜಾಲಿ ಇದ್ದೇ ಇರುತ್ತದೆ. ಕಡಿದ ಟೊಂಗೆಯ ಮುಳ್ಳು ಡಾಂಬರಿನ ಅಂಚಿಗೆ ಬಂದು ಬೀಳುತ್ತದೆ. ಲಾರಿಗೆ ದಾರಿ ಬಿಡಲು ಮಣ್ಣಿಗೆ ಇಳಿದರೆ ಅಲ್ಲಿ ನೆಗ್ಗಿಲು. ಅದರ ಒಣಗಿದ ಕಾಯನ್ನು ಅಂಗೈಯಲ್ಲಿಟ್ಟು ನೋಡಿ. ಹೇಗೆ ಉರುಳಿಸಿದರೂ ಒಂದು ಮುಳ್ಳು ಮೇಲಕ್ಕೇ ನಿಲ್ಲುತ್ತದೆ. ಇನ್ನು ಹುಮನಾಬಾದ್ ಕಡೆಯ ಹೆದ್ದಾರಿ. ಲಾರಿ ಟೈರು ಸಿಡಿದರೆ ಅದರೊಳಗಿನ ಸಣ್ಣ ಉಕ್ಕಿನ ತಂತಿಗಳು ರಸ್ತೆಯಲ್ಲೆಲ್ಲ ಚೆಲ್ಲುತ್ತವೆ. ಬರಿಗಣ್ಣಿಗೆ ಕಾಣುವುದೂ ಕಷ್ಟ.

ಮುಳ್ಳು, ತಂತಿ ಕೊಯ್ಯುವುದಿಲ್ಲ, ಚುಚ್ಚುತ್ತವೆ. ಗಾಜನ್ನು ತಡೆಯುವ ನೂಲಿನ ಪಟ್ಟಿಯಲ್ಲಿ ಎಳೆ ಎಳೆಯ ನಡುವೆ ಸಂದಿ ಮಾಡಿಕೊಂಡು ಒಳಗೆ ನುಗ್ಗುತ್ತವೆ. ಆಗ ಪಟ್ಟಿಯ ಜೊತೆ ರಬ್ಬರಿನ ದಪ್ಪವೂ ಬೇಕು.

ಹಾಗಾದರೆ ಎಲ್ಲಕ್ಕಿಂತ ದಪ್ಪದ್ದೇ ತಗೊಳ್ಳೋಣ ಅಂದರೆ, ಶ್ವಾಲ್ಬೆ ಕಂಪನಿಯ ಮ್ಯಾರಥಾನ್ ಪ್ಲಸ್ ಇದೆ. ಒಳಗೆ 5 ಮಿಲಿಮೀಟರ್ ದಪ್ಪದ ಮೆತ್ತನೆ ರಬ್ಬರಿನ ಪದರ. ದಿನಾ ಆಫೀಸಿಗೆ, ಕಾಲೇಜಿಗೆ ಹೋಗುವ ಸೈಕಲ್‌ಗೆ ಅದಕ್ಕಿಂತ ನೆಮ್ಮದಿ ಬೇರೆ ಇಲ್ಲ. ಆದರೆ 28ರ ಅಗಲದ್ದೇ 600 ಗ್ರಾಂ ದಾಟುತ್ತದೆ. ತೂಕವಾದರೂ ಹೋಗಲಿ, ದಪ್ಪ ಟೈರು ಪ್ರತಿ ಸುತ್ತಿಗೂ ಬಾಗಿ ಏಳುವಾಗ ನಿಮ್ಮ ಶಕ್ತಿ ತಿನ್ನುತ್ತದೆ. ರೋಡ್ ಸೈಕಲ್ ಕೊಂಡದ್ದೇ ಓಟಕ್ಕಾಗಿ ಅಲ್ವಾ? ಅದಕ್ಕೆ ಇದು ಬೇಡ.

ನಿಮಗೆ ನನ್ನ ಸಲಹೆ ನಡುವಿನದು: ಕಾಂಟಿನೆಂಟಲ್ ಗೇಟರ್‌ಸ್ಕಿನ್ ಇಲ್ಲವೇ ಗ್ರ್ಯಾಂಡ್ ಪ್ರಿ ಫೋರ್ ಸೀಸನ್, 28ರ ಅಗಲದ್ದು, ಮಡಿಸಲು ಬರುವಂಥದ್ದು. 280 ಗ್ರಾಂ ಆಸುಪಾಸು. ಎರಡಕ್ಕೂ ಪಕ್ಕದ ಗೋಡೆಯ ಮೇಲೂ ರಕ್ಷಣೆಯ ಬಟ್ಟೆ ಇರುತ್ತದೆ. ಗೇಟರ್‌ಸ್ಕಿನ್ ಗಟ್ಟಿ, ಜಾಸ್ತಿ ದಿನ ಬಾಳುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆ. ಮಳೆಗಾಲದಲ್ಲಿ ಟ್ರ್ಯಾಕ್ಟರ್‌ಗಳು ಹೊಲದ ಎರೆ ಮಣ್ಣನ್ನು ಡಾಂಬರಿಗೆ ತರುತ್ತವೆ. ಆಗ ಹಿಡಿತವೇ ಮುಖ್ಯ. ಹಾಗಾಗಿ ಮಳೆಯಲ್ಲೂ ಓಡಿಸುವವರಿಗೆ ಫೋರ್ ಸೀಸನ್. ಕೊಳ್ಳುವ ಮೊದಲು ಫೋರ್ಕು, ಬ್ರೇಕಿನ ಹತ್ತಿರ 28ಕ್ಕೆ ಜಾಗ ಇದೆಯಾ ನೋಡಿ. ಹಳೆ ಫ್ರೇಮುಗಳಿಗೆ 25ರ ಮೇಲೆ ಹಿಡಿಸದೆ ಇರಬಹುದು.

ಅಣ್ಣನ ಮಗ ಇದನ್ನು ಕೇಳಿ, "ಕಾಕಾ, ನಿಮ್ಮ ಟೈರಿಗಿಂತ ನಲವತ್ತು ಗ್ರಾಂ ಜಾಸ್ತಿ ಆಯ್ತಲ್ರೀ" ಅಂದ. "ನಿನ್ನ ಬಾಟ್ಲಿಯೊಳಗಿನ ಎರಡು ಗುಟುಕು ನೀರು ಅಷ್ಟೇ ತೂಕ ಅದಪ್ಪಾ" ಅಂದೆ. ತೂಕ ಇಳಿಸಲೇಬೇಕು ಅನ್ನುವವರು ಟ್ಯೂಬಿನಲ್ಲಿ ಇಳಿಸಲಿ. ಮಾಮೂಲಿ ಬ್ಯುಟೈಲ್ ರಬ್ಬರ್ ಟ್ಯೂಬು ಸುಮಾರು 100 ಗ್ರಾಂ, ಟಿಪಿಯು ಅನ್ನುವ ತೆಳು ಪ್ಲಾಸ್ಟಿಕ್ ಟ್ಯೂಬು ಸುಮಾರು 40. ಟೈರಿಗೆ ಕೊಟ್ಟದ್ದು ವಾಪಸ್ ಬಂದು ಮೇಲೆ 20 ಗ್ರಾಂ ಉಳಿಯುತ್ತದೆ. ಒಂದೇ ತೊಂದರೆ, ಪಂಚರ್ ಅಂಗಡಿಯ ಸಾದಾ ತೇಪೆ ಅದಕ್ಕೆ ಹಿಡಿಯುವುದಿಲ್ಲ, ಅದರದ್ದೇ ತೇಪೆ ಜೇಬಲ್ಲಿರಬೇಕು.

ಟ್ಯೂಬ್‌ಲೆಸ್ ಯಾಕೆ ಬೇಡ ಅಂತ ಕೇಳುವವರೂ ಇದ್ದಾರೆ. ಸಣ್ಣ ಮುಳ್ಳಿನ ತೂತನ್ನು ಒಳಗಿನ ಅಂಟು ದ್ರವ ತಾನೇ ಮುಚ್ಚುತ್ತದೆ, ನಿಜ. ಆದರೆ ನಮ್ಮ ಮೇ ತಿಂಗಳ 40 ಡಿಗ್ರಿ ಮೇಲಿನ ಬಿಸಿಲಿಗೆ ಅದು ಬೇಗ ಒಣಗುತ್ತದೆ. ಆಗಾಗ ತುಂಬುವ ತಾಳ್ಮೆ ಇದ್ದರೆ ಧಾರಾಳವಾಗಿ ಹಾಕಿ.

ಗಾಳಿ ವಿಷಯ. 70 ಕಿಲೋ ತೂಗುವವರಿಗೆ 28ರ ಟೈರಿನಲ್ಲಿ 70ರಿಂದ 75 ಪಿಎಸ್‌ಐ ಸಾಕು. ಕಲ್ಲಿನಂತೆ ತುಂಬಿದರೆ ಕುಲುಕಾಟವೇ ಹೊರತು ಓಟ ಹೆಚ್ಚುವುದಿಲ್ಲ. ತೀರಾ ಕಡಿಮೆಯಾದರೆ ಗುಂಡಿಗೆ ಬಿದ್ದಾಗ ರಿಮ್ಮು ಟ್ಯೂಬನ್ನು ಕಚ್ಚಿ ಅಕ್ಕಪಕ್ಕ ಎರಡು ತೂತು ಮಾಡುತ್ತದೆ. ಅಂಥ ತೂತು ಕಂಡರೆ ಮುಳ್ಳು ಹುಡುಕಬೇಡಿ, ಪಂಪು ತಗೊಳ್ಳಿ.

ಒಂದೇ ತೂತಿದ್ದರೆ ಮಾತ್ರ ಹುಡುಕಲೇಬೇಕು. ಟೈರು ಹಾಕುವಾಗಲೇ ಅದರ ಮೇಲಿನ ಹೆಸರು ವಾಲ್ವಿನ ನೇರಕ್ಕೆ ಬರುವಂತೆ ಕೂರಿಸಿ. ಆಗ ಟ್ಯೂಬಿನ ತೂತು ಟೈರಿನ ಯಾವ ಜಾಗದ್ದು ಅಂತ ತಕ್ಷಣ ತಿಳಿಯುತ್ತದೆ. ಆಮೇಲೆ ಸ್ವಲ್ಪ ಹತ್ತಿ ತಗೊಂಡು ಟೈರಿನ ಒಳಮೈಯಲ್ಲಿ ಮೆಲ್ಲಗೆ ಎಳೆಯಿರಿ. ಮುರಿದ ಮುಳ್ಳಿನ ತುದಿ, ತಂತಿ ಎಲ್ಲಿದ್ದರೂ ಹತ್ತಿ ಸಿಕ್ಕಿಕೊಳ್ಳುತ್ತದೆ. ಬರಿಬೆರಳು ಹಾಕಿದರೆ ಬೆರಳಿಗೇ ಚುಚ್ಚುತ್ತದೆ. ತಂತಿ ಕೀಳಲು ಹುಬ್ಬಿನ ಚಿಮ್ಮಟವೇ ಬೇಕು, ಉಗುರಿಗೆ ಸಿಗುವುದಿಲ್ಲ.

ಈ ಟೈರುಗಳ ಮೇಲ್ಮೈಯಲ್ಲಿ ಎರಡು ಪುಟ್ಟ ಕುಳಿಗಳಿರುತ್ತವೆ. ಅವು ಸವೆದು ಕಾಣದಂತಾದರೆ ಟೈರು ಮುಗಿಯಿತು. ಹಿಂದಿನದೇ ಮೊದಲು ಸವೆಯುತ್ತದೆ. ಆಗ ಮುಂದಿನದನ್ನು ಹಿಂದಕ್ಕೆ ಹಾಕಿ, ಹೊಸದನ್ನು ಮುಂದಕ್ಕೆ. ಇಳಿಜಾರಿನಲ್ಲಿ ಹಿಂದಿನ ಟೈರು ಹೋದರೆ ನಿಲ್ಲಿಸಿಕೊಳ್ಳಬಹುದು, ಮುಂದಿನದು ಹೋದರೆ ಹ್ಯಾಂಡಲ್ ಕೈಯಲ್ಲಿ ಉಳಿಯುವುದಿಲ್ಲ.