ಅಲ್ಮೆರಿಯಾದ ನಿಯೆವೆಸ್ ನವಾರೊ

ಇಂದು ಸಂಜೆ 1972ರ ಇಟಾಲಿಯನ್ ಥ್ರಿಲ್ಲರ್ ‘ಡೆತ್ ವಾಕ್ಸ್ ಅಟ್ ಮಿಡ್‌ನೈಟ್’ ನೋಡಿದೆ.

ಮೊನಚು ಮುಳ್ಳುಗಳಿರುವ ಕಬ್ಬಿಣದ ಕೈಗವಸು ತೊಟ್ಟವನೊಬ್ಬ ಎದುರು ಕಟ್ಟಡದಲ್ಲಿ ಕೊಲೆ ಮಾಡುವುದನ್ನು ಕಂಡೆನೆಂದು ರೂಪದರ್ಶಿ ವ್ಯಾಲೆಂಟಿನಾ ಹೇಳಿದರೆ ಯಾರೂ ನಂಬುವುದಿಲ್ಲ. ಆದರೂ ಅವಳು ಅಳುತ್ತ ಕೂರದೆ, ನಂಬದವರೊಡನೆ ಜಗಳಕ್ಕೇ ನಿಲ್ಲುತ್ತಾಳೆ.

ಆ ಪಾತ್ರ ಮಾಡಿದವರು ಸ್ಪೇನಿನ ಅಲ್ಮೆರಿಯಾದಲ್ಲಿ ಹುಟ್ಟಿದ ನಿಯೆವೆಸ್ ನವಾರೊ. ಅದೇ ಸೀಮೆಯ ಒಣನೆಲದಲ್ಲಿ ಇಟಲಿಯವರು ಚಿತ್ರೀಕರಿಸಿದ ಕೌಬಾಯ್ ಚಿತ್ರ ‘ಎ ಪಿಸ್ತೂಲ್ ಫಾರ್ ರಿಂಗೊ’ದಲ್ಲಿ (1965) ಡಕಾಯಿತರ ಗುಂಪಿನ ಹೆಣ್ಣಾಗಿ ಸ್ವಂತ ಹೆಸರಿನಲ್ಲೇ ನಟಿಸಿದ್ದ ಅವರು, ಪತಿ ಲುಚಿಯಾನೊ ಎರ್ಕೋಲಿ ನಿರ್ದೇಶಿಸಿದ ಈ ಥ್ರಿಲ್ಲರ್‌ನಲ್ಲಿ ‘ಸೂಸನ್ ಸ್ಕಾಟ್’ ಆಗಿದ್ದಾರೆ. ವಿದೇಶಿ ಮಾರುಕಟ್ಟೆಗಾಗಿ ಇಂಗ್ಲಿಷ್ ಹೆಸರಿಡುವುದು ಅಂದಿನ ಇಟಾಲಿಯನ್ ಚಿತ್ರೋದ್ಯಮದ ರೂಢಿಯಾಗಿತ್ತು, ನಿಜ. ಆದರೆ ಹೆದರಿಕೆಯ ನಡುವೆಯೂ ಸಿಟ್ಟು ಬಿಡದ ಆ ಕಣ್ಣುಗಳೇ ಇಡೀ ಚಿತ್ರವನ್ನು ಹೊತ್ತಿರುವಾಗ, ಅದರ ಕೀರ್ತಿ ನವಾರೊ ಎಂಬ ಹೆಸರಿಗೇ ಸಲ್ಲಬೇಕಿತ್ತು.