ಜೂನ್ 4ರಂದು ಆರ್‌ಎಸ್‌ಐ ಏಕೆ ಸುಮ್ಮನಿತ್ತು

2024ರ ಜೂನ್ 4, ಲೋಕಸಭಾ ಚುನಾವಣೆಯ ಮತ ಎಣಿಕೆಯ ದಿನ, ನಿಫ್ಟಿ ಸೂಚ್ಯಂಕ 1,379 ಅಂಶ ಕುಸಿದು 21,884.50ಕ್ಕೆ ಬಂದು ನಿಂತಿತು. ಅದರ ಹಿಂದಿನ ದಿನವಷ್ಟೇ ಮತಗಟ್ಟೆ ಸಮೀಕ್ಷೆಗಳ ಹುರುಪಿನಲ್ಲಿ 733 ಅಂಶ ಏರಿತ್ತು. ಕುಸಿದ ಬೆಲೆ ತನ್ನ ಸರಾಸರಿಯ ಕಡೆಗೆ ಮರಳುತ್ತದೆ ಎಂದು ನಂಬಿ ನಾಲ್ಕಾರು ದಿನದ ವಹಿವಾಟು ಮಾಡುವವರಿಗೆ ಇದಕ್ಕಿಂತ ಹೇಳಿ ಮಾಡಿಸಿದ ಸಂದರ್ಭ ಇನ್ನೊಂದಿರಲಾರದು, ಏಕೆಂದರೆ ಜೂನ್ 7ರ ಹೊತ್ತಿಗೆ ಅದೇ ನಿಫ್ಟಿ 23,290ಕ್ಕೆ ಮರಳಿತ್ತು. ಆದರೆ ಆರ್‌ಎಸ್‌ಐ ಎಂಬ ಸೂಚಕವನ್ನು ಹಿಡಿದು ಹಳೆಯ ದತ್ತಾಂಶದ ಮೇಲೆ ನಾನು ನಡೆಸುತ್ತಿದ್ದ ಪರೀಕ್ಷೆಯ ಎಕ್ಸೆಲ್ ಹಾಳೆಯಲ್ಲಿ ಜೂನ್ 4ರ ಎದುರಿನ ಖರೀದಿಯ ಕಾಲಂ ಖಾಲಿಯಾಗಿತ್ತು. ಸೂತ್ರದಲ್ಲಿ ಎಲ್ಲೋ ಆವರಣ ಚಿಹ್ನೆ ತಪ್ಪಿರಬೇಕೆಂದು ಒಂದು ಭಾನುವಾರದ ಮಧ್ಯಾಹ್ನವನ್ನೆಲ್ಲ ಹುಡುಕುವುದರಲ್ಲೇ ಕಳೆದೆ. ಸೂತ್ರ ಸರಿಯಾಗಿಯೇ ಇತ್ತು. ಅದು ಏನನ್ನು ಅಳೆಯುತ್ತದೆ ಎಂಬುದರ ಬಗೆಗಿನ ನನ್ನ ತಿಳಿವಳಿಕೆ ಸರಿಯಿರಲಿಲ್ಲ.

ಬೆಲೆಯ ಏರಿಳಿತವನ್ನು ಸೊನ್ನೆಯಿಂದ ನೂರರೊಳಗಿನ ಒಂದು ಸಂಖ್ಯೆಯಾಗಿ ಹೇಳುವ ಆರ್‌ಎಸ್‌ಐ (ರಿಲೇಟಿವ್ ಸ್ಟ್ರೆಂತ್ ಇಂಡೆಕ್ಸ್) ಸೂಚಕವನ್ನು ಅಮೆರಿಕದ ವಿಶ್ಲೇಷಕ ವೆಲ್ಲೆಸ್ ವೈಲ್ಡರ್ 1978ರಲ್ಲಿ ಪ್ರಕಟಿಸಿದಾಗ ಅದಕ್ಕೆ 14 ದಿನಗಳ ಅವಧಿಯನ್ನು ಇಟ್ಟಿದ್ದರು. ಅಲ್ಪಾವಧಿಯ ವಹಿವಾಟುದಾರರು ಅದನ್ನು ಎರಡೇ ದಿನಕ್ಕೆ ಇಳಿಸಿ, 10ಕ್ಕಿಂತ ಕೆಳಗೆ ಬಂದರೆ ಖರೀದಿ ಎಂಬ ನಿಯಮವನ್ನು ಬಳಸುವುದು ರೂಢಿ. ನಾನೂ ಅದನ್ನೇ ಪರೀಕ್ಷೆಗೆ ಒಡ್ಡಿದ್ದೆ. ಲೆಕ್ಕ ಕಷ್ಟದ್ದೇನಲ್ಲ: ಅವಧಿಯ ಒಟ್ಟು ಏರಿಕೆಯನ್ನು, ಏರಿಕೆ ಮತ್ತು ಇಳಿಕೆ ಎರಡನ್ನೂ ಕೂಡಿಸಿದ ಮೊತ್ತದಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಜೂನ್ 3ರ ಏರಿಕೆ 733.20, ಜೂನ್ 4ರ ಇಳಿಕೆ 1,379.40, 733.20ನ್ನು 2,112.60ರಿಂದ ಭಾಗಿಸಿದರೆ ಬರುವುದು 34.7. ವೈಲ್ಡರ್ ಅವರ ಮೂಲ ವಿಧಾನದಲ್ಲಿ ಹಿಂದಿನ ದಿನಗಳ ಸರಾಸರಿಯನ್ನೂ ಒಳಗೊಳ್ಳಬೇಕಾಗುತ್ತದೆ. ಆಗ ಉತ್ತರ ಸುಮಾರು 21 ಆಗುತ್ತದೆ. ಒಂದೇ ಹೆಸರಿನ, ಒಂದೇ ಅವಧಿಯ ಸೂಚಕ ಒಂದೇ ದಿನಕ್ಕೆ ಎರಡು ಬೇರೆ ಬೇರೆ ಸಂಖ್ಯೆಗಳನ್ನು ಕೊಡುತ್ತದೆ, ಎರಡೂ 10ಕ್ಕಿಂತ ಮೇಲೆಯೇ ಇವೆ. ಇದಕ್ಕೆ ಪ್ರತಿಯಾಗಿ, ಯಾವ ಸದ್ದುಗದ್ದಲವೂ ಇಲ್ಲದೆ ನಿಫ್ಟಿ ಎರಡು ದಿನ ಸತತವಾಗಿ ಇಪ್ಪತ್ತಿಪ್ಪತ್ತು ಅಂಶ ಇಳಿದರೆ ಸರಳ ಲೆಕ್ಕದ ಆರ್‌ಎಸ್‌ಐ ನೇರವಾಗಿ ಸೊನ್ನೆಗೆ ಬಂದು ಕೂರುತ್ತದೆ. ಅಂದರೆ ಇದು ಕುಸಿತದ ಆಳವನ್ನು ಅಳೆಯುವ ಸಾಧನವೇ ಅಲ್ಲ. ಒಟ್ಟು ಓಡಾಟದಲ್ಲಿ ಏರಿಕೆಯ ಪಾಲೆಷ್ಟು ಎಂಬುದನ್ನಷ್ಟೇ ಅದು ಹೇಳುತ್ತದೆ.

ಇಷ್ಟು ತಿಳಿದ ಮೇಲೂ ನಾನು ಮಾಡಿದ ಮೊದಲ ಕೆಲಸವೆಂದರೆ 10ರ ಮಿತಿಯನ್ನು 25ಕ್ಕೆ ಏರಿಸಿದ್ದು ಎಂದು ಒಪ್ಪಿಕೊಳ್ಳಬೇಕು. ವೈಲ್ಡರ್ ವಿಧಾನದ ಲೆಕ್ಕದಲ್ಲಿ ಜೂನ್ 4 ತಕ್ಷಣ ಒಳಗೆ ಬಂತು, ಲಾಭದ ಗೆರೆ ಚೆಂದವಾಗಿ ಮೇಲೇರಿತು. ಉತ್ತರ ನೋಡಿಕೊಂಡು ಲೆಕ್ಕ ಬಿಡಿಸುವುದು ಎಂದರೆ ಇದೇ. ಚಲಿಸುವ ಸರಾಸರಿಗಳ ವಿಷಯದಲ್ಲಿ, ಅಂದರೆ ಕಳೆದ ಕೆಲವು ದಿನಗಳ ಬೆಲೆಯ ಸಣ್ಣ ಸರಾಸರಿ ಹೆಚ್ಚು ದಿನಗಳ ದೊಡ್ಡ ಸರಾಸರಿಯನ್ನು ದಾಟಿದಾಗ ಖರೀದಿಸುವ ನಿಯಮದಲ್ಲಿ, ಈ ಆಮಿಷ ಇನ್ನೂ ದೊಡ್ಡದು: ಸಣ್ಣ ಸರಾಸರಿಗೆ 5ರಿಂದ 20 ದಿನಗಳವರೆಗೆ ಹದಿನಾರು ಆಯ್ಕೆ, ದೊಡ್ಡ ಸರಾಸರಿಗೆ 30ರಿಂದ 100ರವರೆಗೆ ಐದೈದು ದಿನದ ಅಂತರದಲ್ಲಿ ಹದಿನೈದು ಆಯ್ಕೆ ಇಟ್ಟುಕೊಂಡರೆ ಒಟ್ಟು 240 ಜೋಡಿಗಳಾಗುತ್ತವೆ. ಅವುಗಳಲ್ಲಿ ಒಂದಕ್ಕೂ ನಿಜವಾದ ಬಲ ಇಲ್ಲದಿದ್ದರೂ, ನೂರಕ್ಕೆ ಐದು ತಪ್ಪನ್ನು ಸಹಿಸುವ ಸಾಮಾನ್ಯ ಅಳತೆಗೋಲಿನ ಪ್ರಕಾರ ಸುಮಾರು ಹನ್ನೆರಡು ಜೋಡಿಗಳು ಕೇವಲ ಆಕಸ್ಮಿಕವಾಗಿ ಮಿಂಚುತ್ತವೆ. ಯೂಟ್ಯೂಬಿನಲ್ಲಿ ನಮಗೆ ತೋರಿಸುವುದು ಸಾಮಾನ್ಯವಾಗಿ ಆ ಹನ್ನೆರಡರಲ್ಲಿ ಒಂದನ್ನು.

ಆರ್‌ಎಸ್‌ಐನಂತೆ ಬೆಲೆ ಸರಾಸರಿಗೆ ಮರಳುವುದನ್ನು ನಂಬುವ ಸೂಚಕಗಳೂ, ಚಲಿಸುವ ಸರಾಸರಿಯಂತೆ ಟ್ರೆಂಡ್ (ಬೆಲೆ ಸಾಗುತ್ತಿರುವ ದಿಕ್ಕು) ಹಿಡಿಯುವ ಸೂಚಕಗಳೂ ಒಂದನ್ನೊಂದು ಸುಳ್ಳು ಮಾಡುತ್ತವೆ ಎಂಬ ವಾದವನ್ನು ಆಗಾಗ ಕೇಳುತ್ತೇನೆ. ಕಾಲಾವಧಿಯನ್ನು ಬಿಟ್ಟು ಮಾತನಾಡಿದಾಗ ಮಾತ್ರ ಹಾಗೆ ಕಾಣುತ್ತದೆ. ಅಮೆರಿಕದ ಷೇರುಗಳ ಬಗ್ಗೆ ನರಸಿಂಹನ್ ಜಗದೀಶ್ ಅವರು 1990ರಲ್ಲಿ ಬರೆದ ಪ್ರಬಂಧ ಒಂದು ತಿಂಗಳ ಅವಧಿಯಲ್ಲಿ ಬೆಲೆಗಳು ಹಿಂದಿರುಗುವ ಒಲವನ್ನು ತೋರಿಸಿತು. ಅವರೇ ಶೆರಿಡನ್ ಟಿಟ್‌ಮನ್ ಜೊತೆ 1993ರಲ್ಲಿ ಬರೆದದ್ದು ಮೂರರಿಂದ ಹನ್ನೆರಡು ತಿಂಗಳ ಅವಧಿಯಲ್ಲಿ ಏರಿದ್ದು ಏರುತ್ತಲೇ ಹೋಗುವ ಒಲವನ್ನು ತೋರಿಸಿತು. ಒಬ್ಬರೇ ಸಂಶೋಧಕರು, ಎರಡು ಅವಧಿ, ಎರಡು ಉತ್ತರ. ಹಾಗಾಗಿ ನನ್ನ ಹಾಳೆಯಲ್ಲಿ ಈಗ ಮರಳುವ ನಿಯಮದಲ್ಲಿ ಖರೀದಿಸಿದ್ದನ್ನು ಮಾರಲು ಹೆಚ್ಚೆಂದರೆ ಐದು ದಿನದ ಗಡುವಿದೆ. ಟ್ರೆಂಡ್ ನಿಯಮಕ್ಕೆ ಗಡುವೇ ಇಲ್ಲ, ಇಪ್ಪತ್ತು ದಿನದ ಗರಿಷ್ಠ ಬೆಲೆ ದಾಟಿದಾಗ ಒಳಗೆ, ಹತ್ತು ದಿನದ ಕನಿಷ್ಠ ಬೆಲೆ ಮುರಿದಾಗ ಹೊರಗೆ. 1983ರಲ್ಲಿ ಶಿಕಾಗೋದ ವಹಿವಾಟುದಾರ ರಿಚರ್ಡ್ ಡೆನ್ನಿಸ್ ತಮ್ಮ ಶಿಷ್ಯರಿಗೆ ಕಲಿಸಿದ ನಿಯಮಗಳ ತಿರುಳೂ ಹೆಚ್ಚುಕಡಿಮೆ ಇದೇ.

ಎರಡರ ಲಾಭ-ನಷ್ಟದ ಆಕಾರ ಹೇಗೆ ಬೇರೆಯಾಗುತ್ತದೆ ಎಂಬುದಕ್ಕೆ ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಮರಳುವ ನಿಯಮ ನೂರು ವಹಿವಾಟಿನಲ್ಲಿ 70 ಗೆದ್ದು ಪ್ರತಿಯೊಂದರಲ್ಲೂ ಶೇ. 1 ಗಳಿಸಿತು, 30 ಸೋತು ಪ್ರತಿಯೊಂದರಲ್ಲೂ ಶೇ. 1.8 ಕಳೆದುಕೊಂಡಿತು ಎಂದುಕೊಳ್ಳಿ. ಉಳಿದದ್ದು 16, ಅಂದರೆ ಒಂದು ವಹಿವಾಟಿಗೆ ಶೇ. 0.16. ಷೇರುಗಳನ್ನು ಡೆಲಿವರಿಯಲ್ಲಿ (ಅದೇ ದಿನ ಮಾರದೆ ಖಾತೆಗೆ ಪಡೆದು) ಕೊಂಡು ಮಾರಿದರೆ ಎಸ್‌ಟಿಟಿ ಎಂಬ ಷೇರು ವಹಿವಾಟು ತೆರಿಗೆ ಎರಡೂ ಕಡೆ ಶೇ. 0.1, ಖರೀದಿಯ ಮೇಲೆ ಮುದ್ರಾಂಕ ಶುಲ್ಕ ಶೇ. 0.015, ಒಟ್ಟು 0.215. ನೂರಕ್ಕೆ ಎಪ್ಪತ್ತು ಸಲ ಗೆದ್ದವನು ಬ್ರೋಕರೇಜ್ ಕಟ್ಟುವ ಮೊದಲೇ ನಷ್ಟದಲ್ಲಿದ್ದಾನೆ. ಇನ್ನು ಟ್ರೆಂಡ್ ನಿಯಮ 35 ಸಲ ಗೆದ್ದು ತಲಾ ಶೇ. 4 ಗಳಿಸಿ, 65 ಸಲ ಸೋತು ತಲಾ ಶೇ. 1.5 ಕಳೆದುಕೊಂಡರೂ ಖರ್ಚು ಕಳೆದು ಒಂದಿಷ್ಟು ಉಳಿಯುತ್ತದೆ. ಆದರೆ ನೂರಕ್ಕೆ 65 ಸೋಲುವ ಆಟದಲ್ಲಿ ಸತತ ಎಂಟು ಸೋಲು ಸುಮಾರು ನೂರು ವಹಿವಾಟಿಗೊಮ್ಮೆ ಬಂದೇ ಬರುತ್ತದೆ ಎಂದು ನಿರೀಕ್ಷಿಸಬೇಕು. ಏಳನೆಯ ಸೋಲಿನ ಹೊತ್ತಿಗೆ ಎಷ್ಟು ಜನ ಆ ನಿಯಮವನ್ನು ಬಿಟ್ಟು ಎದ್ದು ಹೋಗಿರುತ್ತಾರೆ ಎಂಬುದನ್ನು ಯಾವ ಹಾಳೆಯೂ ಹೇಳುವುದಿಲ್ಲ. ಷೇರುಗಳ ದಿನದೊಳಗಿನ ವಹಿವಾಟಿನಲ್ಲಿ 2022-23ರಲ್ಲಿ ಹತ್ತರಲ್ಲಿ ಏಳು ಮಂದಿ ನಷ್ಟ ಮಾಡಿಕೊಂಡರೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿತ್ತು. ಗೆಲುವಿನ ಪ್ರಮಾಣವನ್ನಷ್ಟೇ ನೋಡುವ ಅಭ್ಯಾಸವೂ ಅದಕ್ಕೆ ಒಂದು ಕಾರಣ ಎಂಬುದು ನನ್ನ ಅನಿಸಿಕೆ.

ಪರೀಕ್ಷೆಯಲ್ಲಿ ನಾನು ಮಾಡಿದ ಅತ್ಯಂತ ನಾಚಿಕೆಯ ತಪ್ಪು ಒಂದು ಸಾಲಿನದು. ದಿನದ ಮುಕ್ತಾಯದ ಬೆಲೆಯಿಂದ ಸಂಕೇತ ಲೆಕ್ಕ ಹಾಕಿ, ಅದೇ ದಿನದ ಆರಂಭದ ಬೆಲೆಗೆ ಖರೀದಿಸಿದಂತೆ ಬರೆದಿದ್ದೆ. ಸಂಜೆ ಮೂರೂವರೆಗೆ ತಿಳಿದದ್ದನ್ನು ಬೆಳಿಗ್ಗೆ ಒಂಬತ್ತೂಕಾಲಿಗೆ ಬಳಸಿದ ಹಾಗೆ. ಟ್ರೆಂಡ್ ನಿಯಮದ ಲಾಭದ ಗೆರೆ ಒಂದು ಕಡೆಯೂ ತಗ್ಗದೆ ಮೆಟ್ಟಿಲಿನಂತೆ ಏರಿದ್ದನ್ನು ಕಂಡು ಎರಡು ದಿನ ಸಂಭ್ರಮಿಸಿದೆ. ಸಂಕೇತದ ಕಾಲಂನ್ನು ಒಂದು ಸಾಲು ಕೆಳಕ್ಕೆ ಸರಿಸಿ ಮರುದಿನದ ಆರಂಭದ ಬೆಲೆ ಹಾಕಿದೊಡನೆ ಆ ಮೆಟ್ಟಿಲುಗಳು ಮಾಯವಾದವು. ಮರಳುವ ನಿಯಮಕ್ಕೂ ಇದರಿಂದ ಪೆಟ್ಟು ಬೀಳುತ್ತದೆ: 2024ರ ಜೂನ್ 5ರಂದು ನಿಫ್ಟಿ ಮೇಲೆಯೇ ತೆರೆದುಕೊಂಡಿತ್ತು, ಅಂದರೆ ಚೇತರಿಕೆಯ ಒಂದು ಪಾಲು ನಾವು ಖರೀದಿಸುವ ಮೊದಲೇ ಮುಗಿದಿತ್ತು.

ಬಿಡಿ ಷೇರುಗಳಿಗೆ ಹೋದರೆ ದತ್ತಾಂಶವೇ ಬಲೆ ಬೀಸುತ್ತದೆ. ಇನ್ಫೋಸಿಸ್ 2018ರ ಸೆಪ್ಟೆಂಬರಿನಲ್ಲಿ ಒಂದಕ್ಕೆ ಒಂದು ಬೋನಸ್ (ಇರುವ ಪ್ರತಿ ಷೇರಿಗೆ ಇನ್ನೊಂದು ಉಚಿತ ಷೇರು) ಕೊಟ್ಟಾಗ ಷೇರಿನ ಬೆಲೆ ಸಹಜವಾಗಿ ಅರ್ಧವಾಯಿತು. ಹೊಂದಾಣಿಕೆ ಮಾಡದ ಕಚ್ಚಾ ಬೆಲೆಗಳ ಮೇಲೆ ನನ್ನ ಮರಳುವ ನಿಯಮ ಅದನ್ನು ಮಹಾಕುಸಿತವೆಂದು ತಿಳಿದು ಖರೀದಿಸಿತು, ಟ್ರೆಂಡ್ ನಿಯಮ ಗಾಬರಿಯಿಂದ ಮಾರಿತು. ಇಂದಿನ ನಿಫ್ಟಿಯ ಐವತ್ತು ಷೇರುಗಳ ಪಟ್ಟಿ ಹಿಡಿದು ಹಿಂದಿನ ಇಪ್ಪತ್ತು ವರ್ಷವನ್ನು ಪರೀಕ್ಷಿಸುವುದು ಇನ್ನೂ ಅಪಾಯಕಾರಿ. 2009ರ ಜನವರಿಯಲ್ಲಿ ಸತ್ಯಂ, 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕ್ ಸೂಚ್ಯಂಕದಿಂದ ಹೊರಬಿದ್ದವು. ಇಳಿದದ್ದನ್ನು ಖರೀದಿಸುವ ನಿಯಮ ಅಂದು ಬದುಕಿದ್ದರೆ ಈ ಎರಡನ್ನೂ ಇಳಿಯುವ ದಾರಿಯುದ್ದಕ್ಕೂ ಖರೀದಿಸುತ್ತಿತ್ತು. ಇಂದಿನ ಪಟ್ಟಿಯಲ್ಲಿ ಅವು ಇಲ್ಲವಾದ್ದರಿಂದ ಆ ನಷ್ಟ ಹಾಳೆಯಲ್ಲಿ ಕಾಣುವುದೇ ಇಲ್ಲ. ಈ ಕಾರಣಕ್ಕೆ ಮರಳುವ ನಿಯಮವನ್ನು ನಾನು ಸೂಚ್ಯಂಕದ ಮೇಲೆ ಮಾತ್ರ ನಂಬುತ್ತೇನೆ, ಬಿಡಿ ಷೇರಿನ ಮೇಲೆ ನಂಬುವುದಿಲ್ಲ. ಸೂಚ್ಯಂಕ ದಿವಾಳಿಯಾಗುವುದಿಲ್ಲ, ಕಂಪನಿ ಆಗಬಹುದು.

ಸೂಚ್ಯಂಕವೂ ಪೂರ್ತಿ ಸುರಕ್ಷಿತವೇನಲ್ಲ. 2020ರ ಫೆಬ್ರವರಿ 28ಕ್ಕೆ 11,201ರಲ್ಲಿದ್ದ ನಿಫ್ಟಿ ಮಾರ್ಚ್ 23ಕ್ಕೆ 7,610ಕ್ಕೆ ಬಿತ್ತು. ಆ ಅವಧಿಯಲ್ಲಿ ಎರಡು ದಿನದ ಆರ್‌ಎಸ್‌ಐ ಮತ್ತೆ ಮತ್ತೆ ಖರೀದಿಸು ಎನ್ನುತ್ತಲೇ ಇತ್ತು. 200 ದಿನದ ಸರಾಸರಿಗಿಂತ ಬೆಲೆ ಮೇಲಿದ್ದಾಗ ಮಾತ್ರ ಖರೀದಿ ಎಂಬ ಒಂದು ಷರತ್ತನ್ನು ಸೇರಿಸಿದರೆ ಮಾರ್ಚ್ ತಿಂಗಳ ಸಂಕೇತಗಳೆಲ್ಲ ಅಳಿಸಿಹೋಗುತ್ತವೆ. ಗಮನಿಸಿ, ಮರಳುವ ನಿಯಮವನ್ನು ಉಳಿಸಿದ್ದು ಒಂದು ಟ್ರೆಂಡ್ ಸೂಚಕ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಏಪ್ರಿಲ್‌ನಿಂದ ಪೇಟೆ ಜೋರಾಗಿ ಚೇತರಿಸಿಕೊಂಡಾಗ ಸೂಚ್ಯಂಕ ಇನ್ನೂ ಆ ಸರಾಸರಿಯ ಕೆಳಗೇ ಇದ್ದುದರಿಂದ ತಿಂಗಳುಗಟ್ಟಲೆ ಸುಮ್ಮನೆ ಕೂರಬೇಕಾಗುತ್ತಿತ್ತು. ನನಗೆ ಆ ಬೆಲೆ ಒಪ್ಪಿಗೆ.

ಮಿತಿಯನ್ನು ಈಗ ಮತ್ತೆ 10ಕ್ಕೇ ಇಳಿಸಿದ್ದೇನೆ. 200 ದಿನದ ಷರತ್ತು, ಐದು ದಿನದ ಗಡುವು, ಮರುದಿನದ ಆರಂಭದ ಬೆಲೆ, ಎರಡೂ ಕಡೆಯ ಖರ್ಚು, ಇವಿಷ್ಟನ್ನೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಶಾಯಿಯಲ್ಲಿ ಬರೆದು ದಿನಾಂಕ ಹಾಕಿದ್ದೇನೆ. ಪ್ರತಿ ಸಂಜೆ ಸಂಕೇತ ಬಂದರೆ ಒಂದು ಸಾಲು ಬರೆಯುತ್ತೇನೆ, ಹಣ ಹಾಕುವುದಿಲ್ಲ. ಜೂನ್ 4 ಈಗಲೂ ಆ ಹಾಳೆಯಲ್ಲಿ ಖಾಲಿಯಾಗಿಯೇ ಇದೆ.